ಅಯ್ಯಾವು ಮುಖ ನೋಡಬೇಕಿತ್ತು

ಪಳನಿಗೆ ಹೊರಡೋ ಮುಂಚೆಯೇ ನಾನು ಮಣಿಮೇಗಲೈಗೆ ಬಾಯಿಬಿಟ್ಟು ಹೇಳಿದ್ದೆ. ನೋಡೇ, ನನ್ನ ತಮ್ಮ ಅಯ್ಯಾವು ಆಂಡಿಪಟ್ಟಿಯಲ್ಲಿ ಹಾಸಿಗೆ ಹಿಡಿದಿದ್ದಾನೆ, ಏನಾದರೂ ಸುದ್ದಿ ಬಂದರೆ ಆ ಕ್ಷಣವೇ ಹೇಳು, ದಾರಿಯಲ್ಲೇ ಮಾಲೆ ಕಳಚಿ ಬಸ್ಸು ಹತ್ತಿಬಿಡ್ತೀನಿ ಅಂತ. ಸಾವಿನ ಸೂತಕ ಇಟ್ಟುಕೊಂಡು ಯಾರಾದರೂ ಪಳನಿ ಬೆಟ್ಟ ಹತ್ತುತ್ತಾರಾ? ಅವಳು ಕೊರಳ ಮಾಲೆ ಮುಟ್ಟಿ, "ಮುರುಗನಾಣೆ, ಹೇಳ್ತೀನಿ ಕಣೇ ಪಿಚ್ಚೈ" ಅಂದಳು. ಆಮೇಲೆ ನನ್ನ ಫೋನು ಅವಳ ಕೈಗೆ ಕೊಟ್ಟೆ. ನನ್ನ ಕಿವಿ ಹಾಳಾಗಿ ಎಷ್ಟೋ ಕಾಲವಾಯ್ತು. ರಸ್ತೆ ಗದ್ದಲದಲ್ಲಿ ಅದು ಬಡಕೊಂಡರೂ ನನಗೆ ಕೇಳಲ್ಲ.

ನಾವಿಬ್ಬರೂ ಒಂದೇ ವರ್ಷ ತೇವಾರಂ ಊರಿಗೆ ಸೊಸೆಯಾಗಿ ಬಂದವರು. ಎದುರುಬದುರು ಮನೆ. ಪ್ರತಿ ವರ್ಷ ಸಂಕ್ರಾಂತಿ ಆದ ಮೇಲೆ, ತೈ ತಿಂಗಳಲ್ಲಿ, ಜೊತೆಯಲ್ಲೇ ಪಳನಿಗೆ ನಡೆದಿದ್ದೀವಿ. ಮಕ್ಕಳು ಹೊಟ್ಟೆಯಲ್ಲಿದ್ದಾಗಲೂ ನಡೆದೆವು, ಗಂಡಂದಿರು ಹೋದ ಮೇಲೂ ನಡೆದೆವು. ಅಯ್ಯಾವು ಅಂತೀರಾ, ಅವನು ಹೆಸರಿಗೆ ತಮ್ಮ. ನಮ್ಮಮ್ಮ ಸತ್ತಾಗ ಅವನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ನಾನೇ ಸೊಂಟದ ಮೇಲೆ ಹೊತ್ತು, ಗಂಜಿ ಕುಡಿಸಿ ಬೆಳೆಸಿದೆ. ಕೊನೆಯ ಸಲ ಅವನ ಮುಖ ನೋಡಬೇಕು, ಬಾಯಿಗೆ ನಾನೇ ಅಕ್ಕಿ ಹಾಕಬೇಕು. ನನ್ನ ಆಸೆ ಅಷ್ಟೇ ಇದ್ದದ್ದು.

ವತ್ತಲಗುಂಡು ದಾಟಿ ಒಂದು ಹುಣಸೆಮರದ ಕೆಳಗೆ ಕೂತಿದ್ದಾಗ ಫೋನ್ ಬಂತು. ಮಣಿಮೇಗಲೈ ಎದ್ದು ದೂರ ಹೋಗಿ ಮಾತಾಡಿ ಬಂದಳು. ಯಾರೇ ಅಂದೆ. "ನಿನ್ನ ಸೊಸೆ ಜೆಯಲಕ್ಷ್ಮಿ. ಅಕ್ಕಿ ಡಬ್ಬದ ಬೀಗದ ಕೈ ಎಲ್ಲಿ ಅಂತ ಕೇಳ್ತಾಳೆ" ಅಂದಳು. ನಾನು ಆ ಮುಂಡೇದಕ್ಕೆ ಕಣ್ಣು ಕಾಣಲ್ವಾ ಅಂತ ಸೊಸೆಯನ್ನೇ ಬೈದೆ. ಮಣಿಮೇಗಲೈ ನಕ್ಕಳು ಕೂಡಾ. ಸೆಂಪಟ್ಟಿಯಲ್ಲಿ ಇನ್ನೊಂದು ಸಲ ಬಂತು. ಆಗಲೂ ಬೀಗದ ಕೈ!

ಪಳನಿಯಲ್ಲಿ ನಾನು ಮುಡಿ ಕೊಟ್ಟೆ. ಯಾರಿಗೋಸ್ಕರ? ಅಯ್ಯಾವುಗೋಸ್ಕರ. ಮುರುಗಾ, ಅವನನ್ನು ಇನ್ನೊಂದು ವರ್ಷ ಉಳಿಸಪ್ಪಾ ಅಂತ ಬೋಳುತಲೆಗೆ ಗಂಧ ಬಳಿದುಕೊಂಡು ಬೆಟ್ಟ ಹತ್ತಿದೆ. ಸುಟ್ಟು ಬೂದಿಯಾದವನನ್ನು ಉಳಿಸು ಅಂತ ಬೇಡಿಕೊಂಡೆನಲ್ಲ, ಥೂ! ಪಕ್ಕದಲ್ಲೇ ನಿಂತಿದ್ದಳು ಆ ಮಹಾತಾಯಿ, ಕೈ ಮುಗಿದುಕೊಂಡು. ಬಸ್ ಸ್ಟ್ಯಾಂಡಿನಲ್ಲಿ ಅಯ್ಯಾವುಗೆ ಒಂದು ಫೋನ್ ಮಾಡಿಕೊಡೇ ಅಂದರೆ ಚಾರ್ಜ್ ಇಲ್ಲ ಅಂದಳು.

ಮನೆ ಬಾಗಿಲಲ್ಲಿ ಜೆಯಲಕ್ಷ್ಮಿ ನನ್ನ ಕೈಯ ಪಂಚಾಮೃತ ತಗೊಳ್ಳಲಿಲ್ಲ. "ಅಲ್ಲ ಅತ್ತೆ, ಒಡಹುಟ್ಟಿದ ತಮ್ಮ ಸತ್ತರೂ ಮಾಲೆ ಕಳಚಲ್ಲ, ಬರಲ್ಲ ಅಂದುಬಿಟ್ಟರಂತಲ್ಲ?" ಅಂದಳು. ಅಯ್ಯಾವು ಮಗ ಮುತ್ತುಕುಮಾರ್ ಎರಡೂ ಸಲ ಫೋನ್ ಮಾಡಿದ್ದನಂತೆ. ಎರಡೂ ಸಲ ಮಣಿಮೇಗಲೈ, "ನಿಮ್ಮತ್ತೆ ಬರಲ್ಲ ಅಂತಾಳಪ್ಪ, ಎತ್ತಿಬಿಡಿ" ಅಂದಿದ್ದಾಳೆ. ನನ್ನ ಹಟ ನೆಂಟರಿಗೆಲ್ಲ ಗೊತ್ತು. ಅದಕ್ಕೇ ಎಲ್ಲರೂ ನಂಬಿದರು, ನನ್ನ ಮಗನೂ ನಂಬಿದ.

ಚೀಲ ಅಲ್ಲೇ ಬಿಸಾಕಿ ಎದುರುಮನೆಗೆ ನುಗ್ಗಿದೆ. ಮಂಡಿಗೆ ಎಣ್ಣೆ ಉಜ್ಜಿಕೊಂಡು ಕೂತಿದ್ದಳು.

"ಹೌದು, ಹೇಳಲಿಲ್ಲ" ಅಂದಳು. "ಅಭಿರಾಮಿ ಬಸುರಿಯಾದರೆ ನಾನೂ ಪಿಚ್ಚೈಯೂ ಜೊತೆಯಾಗಿ ನಡೆದು ಬರ್ತೀವಿ ಅಂತ ಹರಕೆ ಹೊತ್ತಿದ್ದೆ. ಮದುವೆಯಾಗಿ ಏಳು ವರ್ಷಕ್ಕೆ ನನ್ನ ಮೊಮ್ಮಗಳ ಹೊಟ್ಟೆ ತುಂಬಿದೆ. ನೀನು ನಡುದಾರಿಯಲ್ಲಿ ಬಿಟ್ಟು ಹೋಗಿದ್ದರೆ ಅದರ ಗತಿ? ನಿನ್ನ ತಮ್ಮ ಹೇಗೂ ಸತ್ತಾಗಿತ್ತು. ನೀನು ಹೋಗಿ ಎಬ್ಬಿಸ್ತಿದ್ದೆಯಾ?"

"ನನ್ನ ಹೆಸರಲ್ಲಿ ಹರಕೆ ಹೊರೋಕೆ ನೀನ್ಯಾವಳೇ?"

"ನಿನ್ನ ಬಿಟ್ಟು ನನಗೆ ಇನ್ಯಾರಿದ್ದಾರೆ?" ಅಂದಳು. ಅದನ್ನು ನಿಜವಾಗಿಯೇ ಹೇಳಿದಳು, ಅದೇ ನನ್ನ ಹೊಟ್ಟೆ ಉರಿಸಿದ್ದು.

ಆಂಡಿಪಟ್ಟಿಗೆ ಬಂದು ನಿನ್ನ ಬಾಯಿಂದಲೇ ನಿಜ ಹೇಳು ಅಂದೆ. ಸರಿ ಅಂದಳು. ಅಯ್ಯಾವು ಫೋಟೋಗೆ ಹಾರ ಹಾಕಿದ್ದರು. ಮುತ್ತುಕುಮಾರ್ ನನ್ನ ಬೋಳುತಲೆ ನೋಡಿ ಮುಖ ತಿರುಗಿಸಿದ. "ಕತ್ತಲಾಗೋವರೆಗೂ ನಿಮಗೋಸ್ಕರ ಅಪ್ಪನ್ನ ಇಟ್ಟುಕೊಂಡಿದ್ವಿ ಅತ್ತೆ" ಅಂದ. ನಾನು ಮಣಿಮೇಗಲೈಯನ್ನು ಮುಂದೆ ತಳ್ಳಿ, ಹೇಳೇ ಅಂದೆ. ಅವಳು ಸೆರಗು ಹೊದ್ದುಕೊಂಡು, ಆ ಫೋಟೋವನ್ನೇ ನೋಡುತ್ತಾ, "ನಾನು ಎಷ್ಟೋ ಹೇಳಿದೆನಪ್ಪ. ಇವಳೇ ಬರಲ್ಲ ಅಂದಳು" ಅಂದಳು.

ನಾನು ಕಿರುಚಿದೆ. ಎದೆ ಬಡಕೊಂಡೆ. ಯಾರು ನಂಬ್ತಾರೆ? ಕಾಫಿ ಕುಡಿದು ಹೋಗಿ ಅಂದರು.

ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಳು. ಮಾಲೆ ಮುಟ್ಟಿ ಇಟ್ಟ ಆಣೆ ಮುರಿದೆ ಅಂತ ನಾಲ್ಕು ಜನರ ಮುಂದೆ ಒಪ್ಪಿಕೊಂಡರೆ ಹರಕೆ ಫಲ ಉಳಿಯುತ್ತಾ, ಮಗು ಇನ್ನೂ ಭೂಮಿಗೆ ಬಿದ್ದಿಲ್ಲ, ನೀನೇ ಹೇಳು ಅಂತ ನನ್ನನ್ನೇ ಕೇಳಿದಳು. ನಾಲ್ಕು ಜನಕ್ಕೆ ಗೊತ್ತಾಗದಿದ್ದರೆ ಮುರುಗನಿಗೂ ಗೊತ್ತಾಗಲ್ಲ ಅನ್ನೋದು ಅವಳ ಲೆಕ್ಕ. ನಾನು ಮಗು ಭೂಮಿಗೆ ಬೀಳಲಿ ಅಂತ ಕಾದೆ.

ಅಭಿರಾಮಿ ಹೆರಿಗೆಗೆ ಎದುರುಮನೆಗೇ ಬಂದಿದ್ದಳು, ಗಂಡುಮಗು ಹುಟ್ಟಿತು. ತೊಟ್ಟಿಲಿಗೆ ಹಾಕೋ ದಿನ ಕರೆದರು, ಹೋದೆ. ಕೂಸು ಮಣಿಮೇಗಲೈ ಮಡಿಲಲ್ಲಿತ್ತು. ಅಭಿರಾಮಿ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಒಂದು ಮಾತೂ ಕೂಡಿಸಲಿಲ್ಲ, ಕಳೆಯಲಿಲ್ಲ. ಕೊನೆಗೆ, "ಈ ಮಗುವಿಗೆ ನಿಮ್ಮಜ್ಜಿ ನನ್ನ ತಮ್ಮನ ಹೆಣವನ್ನು ಬೆಲೆಯಾಗಿ ಕೊಟ್ಟಿದ್ದಾಳೆ ತಾಯಿ, ಜೋಪಾನ" ಅಂದೆ.

ಅಭಿರಾಮಿಗೆ ನಮ್ಮ ಮನೆಮಾತು ಕನ್ನಡ ಅರ್ಥವಾಗುತ್ತೆ, ಮಾತಾಡೋದು ಮಾತ್ರ ತಮಿಳು. ನಿಜವಾ ಅಂತ ತಮಿಳಲ್ಲೇ ಅಜ್ಜಿಯನ್ನು ಕೇಳಿದಳು. ಮಡಿಲಲ್ಲಿ ಕೂಸು ಇಟ್ಟುಕೊಂಡು ಮಣಿಮೇಗಲೈಗೆ ಸುಳ್ಳು ಹೇಳೋಕೆ ನಾಲಿಗೆ ಏಳಲಿಲ್ಲ. ಹುಡುಗಿ ಮಗುವನ್ನು ಕಿತ್ತುಕೊಂಡಳು. ಅವತ್ತಿಂದ ಮುಟ್ಟೋಕೆ ಬಿಟ್ಟಿಲ್ಲ. ಮಗುವಿಗೆ ಸೀನು ಬಂದರೂ ಅಜ್ಜಿ ನೆರಳು ಬಿತ್ತು ಅಂತ ಬಾಗಿಲು ಹಾಕಿಕೊಳ್ತಾಳೆ. ನನಗೆ ಎದೆ ತಣ್ಣಗಾಯ್ತು, ಯಾಕೆ ಸುಳ್ಳು ಹೇಳಲಿ?

ಮಣಿಮೇಗಲೈ ಬಂದು ನನ್ನ ಕಾಲು ಹಿಡಿದಳು. ಸಿಟ್ಟಲ್ಲಿ ಏನೋ ಕಟ್ಟಿ ಹೇಳಿದೆ ಅಂತ ಅಭಿರಾಮಿ ಹತ್ತಿರ ಒಂದು ಮಾತು ಅಂದುಬಿಡು ಅಂತ. ಆಗಲಿ ಅಂದೆ. ಮೊದಲು ಆಂಡಿಪಟ್ಟಿಗೆ ಹೋಗಿ ನಿಜ ಹೇಳಿ ಬಾ, ಆಮೇಲೆ ಬರ್ತೀನಿ ಅಂತ ಮಾತು ಕೊಟ್ಟೆ.

ಮಾರನೇ ದಿನವೇ ಆ ಮಂಡಿ ಎಳಕೊಂಡು ಒಬ್ಬಳೇ ಹೋದಳು. ಮಧ್ಯಾಹ್ನ ಮುತ್ತುಕುಮಾರ್ ಫೋನ್ ಮಾಡಿ, "ಅತ್ತೆ, ನಾವು ಪಾಪಿಗಳು, ನಿಮ್ಮನ್ನ ನಂಬದೆ ಹಾಗೇ ಕಳಿಸಿದ್ವಲ್ಲ" ಅಂತ ಹೋ ಅಂತ ಅತ್ತ. ನಾನೂ ಅತ್ತೆ. ಅಯ್ಯಾವು ಸತ್ತ ಮೇಲೆ ಅವತ್ತೇ ನನಗೆ ಅಳು ಬಂದದ್ದು.

ಸಂಜೆ ಬಸ್ಸಿಳಿದವಳು ನೇರ ನನ್ನ ಮನೆಗೆ ಬಂದಳು. ಕಾಲು ಊದಿಕೊಂಡಿತ್ತು. ನಾನು ನುಗ್ಗೆಸೊಪ್ಪು ಬಿಡಿಸ್ತಾ ಕೂತಿದ್ದೆ.

"ಹೇಳಿ ಬಂದೆ ಕಣೇ. ಎಲ್ಲರೂ ಮುಖಕ್ಕೆ ಉಗಿದರು. ಏಳು, ಈಗ ನೀನು ಬಾ."

"ನಾನು ಬರಲ್ಲ" ಅಂದೆ.

ತಮಾಷೆ ಅಂದುಕೊಂಡಳೇನೋ, ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು. "ಮಾತು ಕೊಟ್ಟಿದ್ದೀಯಲ್ಲೇ ಪಿಚ್ಚೈ."

"ಕೊಟ್ಟಿದ್ದೆ."

ಅವಳು ಎದುರುಮನೆ ಕಡೆ ಕತ್ತು ತಿರುಗಿಸಿದಳು. ನನಗೆ ಏನೂ ಕೇಳಿಸಲಿಲ್ಲ. "ಮಗು ಅಳ್ತಿದೆ" ಅಂದಳು.

"ಎತ್ತಿಕೊಳ್ಳೋಕೆ ತಾಯಿ ಇದ್ದಾಳೆ" ಅಂದು ನಾನು ಇನ್ನೊಂದು ಕಡ್ಡಿ ಸೊಪ್ಪು ತಗೊಂಡೆ.