ಮೂರನೇ ರೀಲು, ನಾಲ್ಕನೇ ರೀಲು

ಅಪ್ಪನ ಬಿಳಿ ಅಂಗಿಗೆ ಕೊನೆಯ ಗುಂಡಿ ಹಾಕುತ್ತಿದ್ದಾಗಲೇ ಹೊರಗಿನಿಂದ ಚಿಕ್ಕಪ್ಪ ಐದನೇ ಕುರ್ಚಿ ಎಲ್ಲಿ ಹೋಯಿತೆಂದು ಕೂಗಿದರು. ಮಗಳು ಗುಂಡಿ ಹಾಕಿ, ಕಾಲರ್ ಸರಿಮಾಡಿ, ಅಡುಗೆಮನೆಯಿಂದ ಐದನೇ ಕುರ್ಚಿಯನ್ನು ಎತ್ತಿ ತಂದು ನಾಲ್ಕಕ್ಕೂ ಆರಕ್ಕೂ ನಡುವೆ ಇಟ್ಟಳು. ಸಾವಿನ ಮನೆಯಲ್ಲಿ ಕುರ್ಚಿಗಳನ್ನು ಅನುಕ್ರಮವಾಗಿ ಹಾಕಬೇಕೆಂದು ಯಾರೂ ವಿಧಿಸಿಲ್ಲ. ಆದರೆ ಈ ಮನೆಯಲ್ಲಿ ನಂಬರ್ ಇಲ್ಲದ ವಸ್ತುವೇ ಇರಲಿಲ್ಲ. ಕುರ್ಚಿಯ ಬೆನ್ನಿಗೆ, ಮೆಟ್ಟಿಲಿನ ಅಂಚಿಗೆ, ಸಕ್ಕರೆ ಡಬ್ಬಿಗೆ, ಛತ್ರಿಯ ಹಿಡಿಗೆ, ಎಲ್ಲಕ್ಕೂ ಅಪ್ಪ ಬಿಳಿ ಪೇಂಟಿನಲ್ಲಿ ನಂಬರ್ ಬರೆದಿದ್ದರು. ಚಪ್ಪಲಿ ಜೋಡಿಗೂ ಒಂದು, ಎರಡು ಎಂದಿತ್ತು. ಪಾಪ, ಎಡಗಾಲು ಯಾವುದೆಂದು ಮರೆತುಬಿಡುತ್ತಾರೇನೋ ಎಂದು ನೆಂಟರು ಆಡಿಕೊಳ್ಳುತ್ತಿದ್ದರು.

ಅಪ್ಪ ಸಿನಿಮಾ ಆಪರೇಟರ್. ನಲವತ್ತು ಸೀಟಿನ ಒಂದು ಪುಟ್ಟ ಹಾಲ್‌ನಲ್ಲಿ ಮೂವತ್ತೊಂದು ವರ್ಷ ಯಂತ್ರ ಓಡಿಸಿದವರು. ಅದು ಟಿಕೆಟ್ ಕೊಂಡು ಬರುವ ಹಾಲ್ ಅಲ್ಲ. ವರ್ಷಕ್ಕೊಮ್ಮೆ ಪ್ರಶಸ್ತಿಯ ತೀರ್ಪುಗಾರರು ಬಾಗಿಲು ಹಾಕಿಕೊಂಡು ಕೂತು, ಬಂದ ಚಿತ್ರಗಳನ್ನೆಲ್ಲ ನೋಡಿ ಅಂಕ ಹಾಕುತ್ತಿದ್ದ ಜಾಗ. ಯಾರಿಗೆ ಪದಕ ಎಂದು ಅವರು ಕಚ್ಚಾಡುವುದನ್ನು ಅಪ್ಪ ಗೋಡೆಯ ಕಿಂಡಿಯಿಂದ ಕೇಳಿಸಿಕೊಂಡು, ಒಂದು ನರಪಿಳ್ಳೆಗೂ ಹೇಳದೆ ಮನೆಗೆ ಬಂದು ಊಟ ಮಾಡುತ್ತಿದ್ದರು.

"ಮೂವತ್ತೊಂದು ವರ್ಷ. ಒಂದೇ ಒಂದು ತಪ್ಪು ಮಾಡ್ಲಿಲ್ಲ ನನ್ನಣ್ಣ," ಎಂದು ಚಿಕ್ಕಪ್ಪ ಒಳಬಂದವರಿಗೆಲ್ಲ ಹೇಳುತ್ತಿದ್ದರು. ಬೆಳಗಿನಿಂದ ಹದಿನೈದು ಸಲವಾದರೂ ಹೇಳಿರಬೇಕು. ಪ್ರತಿ ಸಲವೂ ಮಗಳು ಗಡಿಯಾರ ನೋಡುತ್ತಿದ್ದಳು. ವ್ಯಾನು ಹನ್ನೊಂದಕ್ಕೆ ಬರುವುದಿತ್ತು. ಅಷ್ಟರೊಳಗೆ ಅವಳು ಇಬ್ಬರಿಗೆ ಒಂದು ಮಾತು ಹೇಳಬೇಕಾಗಿತ್ತು. ಹೇಳಿದರೆ ಚಿಕ್ಕಪ್ಪನ ಈ ಹೆಮ್ಮೆ ಮಣ್ಣುಪಾಲು. ಹೇಳದಿದ್ದರೆ, ಅಪ್ಪನಿಗೆ ಕೊಟ್ಟ ಮಾತು.

*

ಎಂಟು ದಿನದ ಹಿಂದೆ, ಆಸ್ಪತ್ರೆಯ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿದ್ದಾಗ ಅಪ್ಪ ತಾವಾಗಿಯೇ ಬಾಯಿಬಿಟ್ಟಿದ್ದರು.

ಇಪ್ಪತ್ತಾರು ವರ್ಷದ ಹಿಂದಿನ ಪ್ರಶಸ್ತಿಯ ವಾರ. ಏಳು ಮಂದಿ ತೀರ್ಪುಗಾರರು, ದಿನಕ್ಕೆ ನಾಲ್ಕು ಚಿತ್ರ. ಒಂದೊಂದು ಚಿತ್ರವೂ ಐದಾರು ರೀಲು, ಒಂದೊಂದು ರೀಲೂ ಒಂದೊಂದು ತಗಡಿನ ಡಬ್ಬಿಯಲ್ಲಿ. ಡಬ್ಬಿಯ ಮುಚ್ಚಳವನ್ನು ನಂಬುವಂತಿಲ್ಲ, ಊರಿಂದೂರಿಗೆ ಹೋಗುವಾಗ ಮುಚ್ಚಳಗಳು ಅದಲುಬದಲಾಗುವುದು ಮಾಮೂಲು. ಅದಕ್ಕೇ ಪ್ರತಿ ರೀಲಿನ ತುದಿಯನ್ನೂ ಬಲ್ಬಿನ ಬೆಳಕಿಗೆ ಹಿಡಿದು, ಎಷ್ಟನೆಯದೆಂದು ಓದಿ, ಆಮೇಲೆ ಯಂತ್ರಕ್ಕೆ ಹಾಕುವುದು ಅಪ್ಪನ ಕ್ರಮ. ಆ ಮಧ್ಯಾಹ್ನ ಒಂದು ಸಲ ಹಿಡಿಯಲಿಲ್ಲ. ಮೂರನೇ ರೀಲಿನ ಬದಲು ನಾಲ್ಕನೆಯದು ಓಡಿತು.

ಅದು ಒಬ್ಬ ಗಡಿಯಾರ ರಿಪೇರಿಯವನ ಕತೆ. ಮೂರನೇ ರೀಲಿನಲ್ಲಿ ಗಂಡ ಹೆಂಡತಿ ಒಂದು ಕಿಟಕಿಗಾಗಿ ಜಗಳವಾಡುತ್ತಾರೆ, ನಾಲ್ಕರಲ್ಲಿ ಹೆಂಡತಿ ಸಾಯುತ್ತಾಳೆ. ಅಪ್ಪ ಹಾಕಿದ ಲೆಕ್ಕದಲ್ಲಿ ಅವಳು ಮೊದಲು ಸತ್ತಳು, ಆಮೇಲೆ ಎದ್ದುಬಂದು ಜಗಳವಾಡಿದಳು. ತಪ್ಪು ಗೊತ್ತಾದಾಗ ಅಪ್ಪ ಕಿಂಡಿಗೆ ಕಿವಿಯಿಟ್ಟರು. ಈಗ ಯಾರಾದರೂ ಕೂಗುತ್ತಾರೆ ಎಂದು ಕಾದರು. ಯಾರೂ ಕೂಗಲಿಲ್ಲ. ಕತ್ತಲಲ್ಲಿ ಒಬ್ಬರು ಮೂಗು ಸೀನಿದ ಸದ್ದು ಮಾತ್ರ ಕೇಳಿತು. ದೀಪ ಹತ್ತಿದಾಗ ಅಧ್ಯಕ್ಷರು ಕಣ್ಣೊರೆಸಿಕೊಂಡು, ಸತ್ತವಳನ್ನು ಮತ್ತೆ ತಂದು ನಿಲ್ಲಿಸುವುದಕ್ಕೆ ಎಂಥ ಧೈರ್ಯ ಬೇಕು ಎಂದರು. ಆ ಚಿತ್ರಕ್ಕೆ ಪದಕ ಬಂತು. ಬೆಳಿಗ್ಗೆ ತೋರಿಸಿದ್ದ ಇನ್ನೊಂದು ಚಿತ್ರ ಅರ್ಧ ಅಂಕದಲ್ಲಿ ಸೋತಿತು.

"ಗೆದ್ದೋನು, ಸೋತೋಳು, ಅವರಿಬ್ರಿಗೂ ಹೇಳ್ಬಿಡು. ಒಟ್ಟಿಗೇ ಕೂರಿಸಿ ಹೇಳು," ಎಂದರು ಅಪ್ಪ. "ನನ್ನ ಎತ್ತೋಕೆ ಮುಂಚೆ. ನನ್ನ ಬಾಯಿಂದ ಬರ್ಲಿಲ್ಲ ಅದು."

ಮಗಳು ಗಣಿತದ ಟೀಚರು. ಅವಳ ಲೋಕದಲ್ಲಿ ಉತ್ತರ ಸರಿಯಿದ್ದರೆ ಅಂಕ, ಇಲ್ಲದಿದ್ದರೆ ಸೊನ್ನೆ. ಮನೆಯ ನಂಬರುಗಳೆಲ್ಲ ಯಾಕೆಂದು ಅವಳಿಗೆ ಅವತ್ತು ಅರ್ಥವಾಯಿತು.

*

ಪದಕ ಗೆದ್ದ ನಿರ್ದೇಶಕ ಹತ್ತು ಗಂಟೆಗೆ ಬಂದ. ಊರೆಲ್ಲ ಅವನನ್ನು ಕರೆಯುವುದೇ 'ಪದಕ' ಎಂದು. ಅದಾದ ಮೇಲೆ ಎರಡು ಚಿತ್ರ ಮಾಡಿ, ಎರಡೂ ನೆಲಕಚ್ಚಿ, ಈಗ ಆ ಹೆಸರಿನಲ್ಲಿ ಗೌರವಕ್ಕಿಂತ ತಮಾಷೆಯೇ ಜಾಸ್ತಿ. ಅವನು ಅಪ್ಪನ ಕಾಲ ಬಳಿ ಬಹಳ ಹೊತ್ತು ನಿಂತಿದ್ದ.

ಅರ್ಧ ಅಂಕದಲ್ಲಿ ಸೋತ ಚಿತ್ರ ಮಾಡಿದ್ದಾಕೆ ಅದಾಗಲೇ ಬಂದು ಐದನೇ ಕುರ್ಚಿಯಲ್ಲಿ ಕೂತಿದ್ದಳು. ಆಕೆ ಆ ವರ್ಷದ ನಂತರ ಸಿನಿಮಾ ಬಿಟ್ಟು, ಒಂದು ಸಣ್ಣ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಳು. ಗೋಡೆಗೆ ಹಾಕಿದ್ದ ಅಪ್ಪನ ಚಿತ್ರ ಆಕೆಯೇ ತೆಗೆದದ್ದು. ಅಪ್ಪ ವರ್ಷಕ್ಕೊಮ್ಮೆ ತಪ್ಪದೆ ಅಲ್ಲಿಗೆ ಬಂದು ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರಂತೆ. ಅಪ್ಪನಿಗೆ ಪಾಸ್‌ಪೋರ್ಟೇ ಇರಲಿಲ್ಲ.

ಮಗಳು ಇಬ್ಬರನ್ನೂ ಅಡುಗೆಮನೆಗೆ ಕರೆದು ಕೂರಿಸಿದಳು. ನಿಂತುಕೊಂಡೇ, ತರಗತಿಯಲ್ಲಿ ಲೆಕ್ಕ ಬಿಡಿಸುವವಳಂತೆ, ಒಂದಾದ ಮೇಲೊಂದು ಹೇಳಿ ಮುಗಿಸಿದಳು. ಒಲೆಯ ಮೇಲೆ ಚಹಾ ಉಕ್ಕಿ ಹರಿಯಿತು. ಯಾರೂ ಒಲೆ ಆರಿಸಲಿಲ್ಲ.

"ನಂಗೆ ಗೊತ್ತಿತ್ತು," ಎಂದ ಪದಕ.

ತೀರ್ಪಿನ ಓಲೆ ಕೈಗೆ ಬಂದ ದಿನವೇ ಗೊತ್ತಾಗಿತ್ತಂತೆ. ಅದರಲ್ಲಿ ಹೊಗಳಿದ್ದ ಧೈರ್ಯವನ್ನು ಅವನು ಮಾಡಿರಲೇ ಇಲ್ಲ. ಮನೆಗೆ ಹೋಗಿ ರೀಲುಗಳನ್ನು ಹಾಗೇ ಅದಲುಬದಲು ಮಾಡಿ ನೋಡಿದ, ತಾನೇ ಅತ್ತ, ಚಿತ್ರಮಂದಿರಕ್ಕೂ ಹಾಗೇ ಬಿಡುಗಡೆ ಮಾಡಿದ. ತೀರ್ಪುಗಾರರು ನೋಡಿದ್ದ ಮೊದಲ ಪ್ರಿಂಟನ್ನು ಮಾತ್ರ ಆಪರೇಟರ ಕೈಗೆ ಕೊಟ್ಟು, ಇದು ನಿಮ್ಮ ಹತ್ತಿರವೇ ಇರಲಿ ಎಂದಿದ್ದ. ಅವರೂ ಏನೂ ಕೇಳಲಿಲ್ಲ, ಇವನೂ ಏನೂ ಹೇಳಲಿಲ್ಲ.

"ಆಮೇಲೆ ಎಲ್ಲಿ ಕ್ಯಾಮೆರಾ ಇಟ್ರೂ ಅದೇ ಅನುಮಾನ. ಚೆನ್ನಾಗಿ ಬಂದ್ರೆ ಅದು ನನ್ನ ಕೈಯೋ, ಆಪರೇಟರ್ ಕೈಯೋ ಅಂತ." ಅವನು ಜೇಬಿನಿಂದ ಪದಕವನ್ನು ತೆಗೆದು ಮೇಜಿನ ಮೇಲಿಟ್ಟು ಆಕೆಯ ಕಡೆಗೆ ಸರಿಸಿದ. "ಇವತ್ತು ಅವರ ಕೈಗೆ ಇಡೋಣ ಅಂತ ತಂದಿದ್ದೆ. ಆದ್ರೆ ಇದು ನಿಮ್ದು."

ಆಕೆ ಅದನ್ನು ಮುಟ್ಟಲಿಲ್ಲ. ಮುಖ ಕೆಂಪಾಗಿತ್ತು.

"ಇಪ್ಪತ್ತಾರು ವರ್ಷ," ಎಂದಳು. "ಎರಡೂ ಕಿವಿ ಕಾಣ್ಬೇಕು, ನಗಬೇಡಿ, ಅಲ್ಲಾಡಬೇಡಿ ಅಂತ ಜನಕ್ಕೆ ಹೇಳ್ಕೊಂಡು ಕೂತಿದ್ದೀನಿ. ಅರ್ಧ ಅಂಕದ ಯೋಗ್ಯತೆ ನಂಗಿಲ್ಲ ಅಂತ ತಿಳ್ಕೊಂಡು." ಗೋಡೆಯಾಚೆಯ ಅಪ್ಪನ ಕಡೆಗೆ ಬೆರಳು ತೋರಿಸಿದಳು. "ಪ್ರತಿ ವರ್ಷ ಬಾಯಿ ತೆರೆದೇ ಕೂರೋರು. ಬಾಯಿ ಮುಚ್ಚಿ ಸರ್ ಅಂತ ಪ್ರತಿ ವರ್ಷ ನಾನೇ ಹೇಳ್ತಿದ್ದೆ."

ಈ ಮಾತಿಗೆ ಮಗಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎರಡನ್ನೂ ನುಂಗಿಕೊಂಡಳು, ಯಾಕೆಂದರೆ ಹೇಳುವುದು ಇನ್ನೂ ಉಳಿದಿತ್ತು. ಅಪ್ಪ ಕೊನೆಗೆ, ಉಸಿರೆಳೆದುಕೊಂಡು ಹೇಳಿದ್ದ ಮಾತು ಅದು.

"ಆ ರೀಲನ್ನ ಯಾಕೆ ಬೆಳಕಿಗೆ ಹಿಡೀಲಿಲ್ಲ ಅಂತ ಕೇಳ್ದೆ. ಬೆಳಿಗ್ಗೆ ನಿಮ್ಮ ಚಿತ್ರ ಹಾಕಿದ್ರಂತೆ, ಮೇಡಂ. ಅದರ ಗುಂಗಿಂದ ಹೊರಗೆ ಬಂದಿರ್ಲಿಲ್ವಂತೆ. ಕೈ ಯಂತ್ರದ ಹತ್ರ ಇತ್ತು, ತಲೆ ಇರ್ಲಿಲ್ಲ ಅಂದ್ರು."

ಆಕೆ ತಲೆಯೆತ್ತಿದಳು. "ಯಾವ ಸೀನು?"

"ಲಿಫ್ಟ್ ನಡುವೆ ಕೆಟ್ಟು ನಿಂತಾಗ, ಲಿಫ್ಟಿನವನು ತನ್ನ ಸ್ಟೂಲನ್ನ ಒಬ್ಬೊಬ್ಬರಿಗೂ ಸರದಿ ಮೇಲೆ ಕೊಡ್ತಾನಲ್ಲ. ಕೊನೆಗೆ ತಾನು ಕೂರೋ ಹೊತ್ತಿಗೆ ಲಿಫ್ಟ್ ಹೊರಡತ್ತೆ. ಅದು."

ಆಕೆ ಅತ್ತುಬಿಟ್ಟಳು. ಮುಚ್ಚಿಕೊಳ್ಳುವ ಗೋಜಿಗೂ ಹೋಗಲಿಲ್ಲ. "ಆ ಸೀನು ಉದ್ದ ಆಯ್ತು ಅಂತಲೇ ನಂಗೆ ಅಂಕ ಕಡಿದಿದ್ರು," ಎಂದಳು.

ಉತ್ತರ ಸರಿಯೋ ತಪ್ಪೋ ಎಂದು ಹೇಳುವುದೇ ಕಸುಬಾಗಿದ್ದ ಮಗಳು ತಿರುಗಿ ಒಲೆ ಆರಿಸಿದಳು.

ಪದಕ ಮೆಲ್ಲಗೆ ಮತ್ತೊಮ್ಮೆ ಹೇಳಿದ, ತಗೊಳ್ಳಿ ಎಂದು.

"ಬೇಡ. ನಿಮ್ಮ ಸಿನಿಮಾನ ನಾನೂ ಚಿತ್ರಮಂದಿರದಲ್ಲಿ ನೋಡಿದ್ದೆ. ಹೊಟ್ಟೆಕಿಚ್ಚಿಂದ ಹೋದೋಳು ಅತ್ಕೊಂಡು ಬಂದೆ. ಆ ಅಳು ಈಗ ಸುಳ್ಳಾಗತ್ತಾ?" ಮೂಗೊರೆಸಿಕೊಂಡಳು. "ನನ್ನದನ್ನೂ ಅವರು ಹಿಂದುಮುಂದು ತೋರ್ಸಿದ್ರೆ ಇನ್ನೂ ಜಾಸ್ತಿ ಬರ್ತಿತ್ತೋ ಏನೋ, ಯಾರಿಗೆ ಗೊತ್ತು? ಆದ್ರೆ ಒಂದು. ಇವತ್ತು ನಾನು ನಿಮ್ಮದನ್ನ ನೋಡ್ಬೇಕು. ಅದೇ ಹಾಲ್‌ನಲ್ಲಿ, ಅದೇ ಪ್ರಿಂಟು."

ಹೊರಗೆ ವ್ಯಾನಿನ ಹಾರ್ನ್ ಕೇಳಿತು. ತಿರುಗಿ ನೋಡಿದರೆ ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕೈಯಲ್ಲಿದ್ದ ಹೂವಿನ ಹಾರ ನೆಲಕ್ಕೆ ತಾಗಿತ್ತು. ಮಗಳು ಅವರ ಮುಖ ನೋಡಲಾರದೆ ಲೋಟಗಳನ್ನು ಎತ್ತತೊಡಗಿದಳು.

"ಹೊತ್ತಾಯ್ತು, ಬಾಮ್ಮ," ಎಂದರು ಚಿಕ್ಕಪ್ಪ, ಅಷ್ಟೇ.

ಆದರೆ ಎಲ್ಲ ಮುಗಿದ ಮೇಲೆ, ಸ್ಮಶಾನದ ಗೇಟಿನ ಬಳಿ ಜನ ಒಬ್ಬೊಬ್ಬರಾಗಿ ಕೈಮುಗಿದು ಹೊರಡುತ್ತಿದ್ದಾಗ, ಹಳೆಯ ಪರಿಚಯದವರೊಬ್ಬರಿಗೆ ಅವರು ಹೇಳುತ್ತಿದ್ದದ್ದು ಮಗಳಿಗೆ ಕೇಳಿಸಿತು. ದನಿಯಲ್ಲಿ ಬೆಳಗಿನ ಹೆಮ್ಮೆ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಿರಲಿಲ್ಲ.

"ಮೂವತ್ತೊಂದು ವರ್ಷ ಸ್ವಾಮಿ. ಒಂದೇ ಒಂದು ತಪ್ಪು ಮಾಡಿದ್ದು ನನ್ನಣ್ಣ. ಅದಕ್ಕೂ ಪ್ರಶಸ್ತಿ ಬಂತು."

ಈಗ ಮಗಳು ಅವರ ಮುಖ ನೋಡಿದಳು.

*

ಮಧ್ಯಾಹ್ನ ನಾಲ್ಕಕ್ಕೆ ಪುಟ್ಟ ಹಾಲ್‌ನ ಕಾವಲುಗಾರ ಬೀಗ ತೆಗೆದುಕೊಟ್ಟ. ಈಗ ಅಲ್ಲಿ ರೀಲಿನ ಕಾಲ ಮುಗಿದಿದೆ, ಚಿತ್ರಗಳೆಲ್ಲ ಕಂಪ್ಯೂಟರಿನಿಂದ ಬರುತ್ತವೆ. ಆದರೂ ಮೇಲಿನ ಕೋಣೆಯಲ್ಲಿ ಹಳೆಯ ಯಂತ್ರಗಳೆರಡೂ, ಪದಕ ಕೊಟ್ಟಿದ್ದ ಪ್ರಿಂಟಿನ ಕಪಾಟೂ ಹಾಗೇ ಇದ್ದವು. ಅಪ್ಪ ನಿವೃತ್ತರಾದ ಮೇಲೂ ತಿಂಗಳಿಗೊಮ್ಮೆ ಬಂದು ಎಣ್ಣೆ ಹಾಕಿ, ಒರೆಸಿ ಹೋಗುತ್ತಿದ್ದರು. ರೀಲನ್ನು ಹಲ್ಲುಚಕ್ರಗಳ ನಡುವೆ ಹೇಗೆ ಹಾಯಿಸಬೇಕೆಂದು ಮಗಳಿಗೆ ಅವರೇ ಕಲಿಸಿದ್ದರು. ಗಣಿತಕ್ಕಿಂತ ಮೊದಲು ಅವಳು ಕಲಿತದ್ದು ಅದನ್ನೇ.

ಕೆಳಗೆ ನಲವತ್ತು ಸೀಟಿನಲ್ಲಿ ಮೂವರು. ಚಿಕ್ಕಪ್ಪ ಹಿಂದಿನ ಸಾಲಿನಲ್ಲಿ ಕೂತರು. ಮುಂದೆ ಪದಕ ಕೂತಿದ್ದ, ಅವನಿಂದ ಒಂದು ಸೀಟು ಬಿಟ್ಟು ಆಕೆ. ಸ್ಟುಡಿಯೋ ನಾಳೆ ತೆರೆಯುವುದಿಲ್ಲ, ಮನೆಯಲ್ಲಿ ಬರೆಯುವುದಿದೆ ಎಂದು ಆಕೆ ಯಾರೂ ಕೇಳದೆಯೇ ಹೇಳುತ್ತಿದ್ದದ್ದು ಕಿಂಡಿಯಿಂದ ಮೇಲಕ್ಕೆ ಕೇಳಿಸಿತು. ಏನು ಬರೆಯುವುದು ಎಂದು ಪದಕ ಕೇಳಿದ. ಮುಗಿದ ಮೇಲೆ ಹೇಳ್ತೀನಿ, ನೀವು ಅಂಕ ಹಾಕೋದು ಬೇಡ ಎಂದಳು.

ಮೊದಲ ರೀಲು ಓಡಿತು, ಎರಡನೆಯದೂ ಓಡಿತು. ಮಗಳು ಮೂರನೆಯದನ್ನು ತೆಗೆಯಲು ಕಪಾಟಿಗೆ ಕೈಹಾಕಿದಳು.

ಡಬ್ಬಿಗಳು ಇದ್ದವು. ಒಂದು, ಎರಡು, ಐದು, ಆರು ಎಂದು ಮುಚ್ಚಳಕ್ಕೂ ಬದಿಗೂ ತಳಕ್ಕೂ ಅಪ್ಪನ ಬಿಳಿ ಪೇಂಟು. ನಡುವಿನ ಎರಡು ಡಬ್ಬಿಗಳ ಮೇಲೆ ಮಾತ್ರ ಏನೂ ಇರಲಿಲ್ಲ. ಒಳಗಿನ ರೀಲಿನ ತುದಿಯಲ್ಲಿ ಅಂಕೆ ಇದ್ದಷ್ಟು ಉದ್ದವನ್ನೂ ಅವರು ನೀಟಾಗಿ ಕತ್ತರಿಸಿ ತೆಗೆದಿದ್ದರು. ಚಪ್ಪಲಿಗೂ ನಂಬರ್ ಹಾಕಿದ ಮನುಷ್ಯ ಈ ಎರಡನ್ನು ಖಾಲಿ ಬಿಟ್ಟುಹೋಗಿದ್ದರು.

ಅವಳು ಕಿಂಡಿಗೆ ಬಾಯಿಟ್ಟು ಕೆಳಗಿನವರಿಗೆ ವಿಷಯ ಹೇಳಿ, ಯಾವುದು ಮೊದಲು ಎಂದು ಕೇಳಿದಳು.

"ಕೈಗೆ ಸಿಕ್ಕಿದ್ದು ಹಾಕಮ್ಮ," ಎಂದಳು ಆಕೆ.

ಸಿಕ್ಕಿದ್ದು ಸಾವಿನ ರೀಲು. ಗಡಿಯಾರದವನ ಹೆಂಡತಿ ಹಾಸಿಗೆಯಲ್ಲಿ ಸಣ್ಣಗಾಗಿ, ಗೋಡೆಯ ಕಡೆ ತಿರುಗಿ, ಹೋದಳು. ಮನೆಗೆ ಜನ ಬಂದರು, ಕುರ್ಚಿ ಹಾಕಿದರು, ಎದ್ದು ಹೋದರು. ಮಗಳು ಇಷ್ಟನ್ನು ಇವತ್ತೇ ಒಮ್ಮೆ ನೋಡಿಯಾಗಿತ್ತು. ಅವಳು ಕಣ್ಣೊರೆಸಿಕೊಂಡು, ಉಳಿದ ರೀಲನ್ನು ಇನ್ನೊಂದು ಯಂತ್ರಕ್ಕೆ ಹಾಯಿಸಿ, ತೆರೆಯ ಮೂಲೆಯಲ್ಲಿ ರೀಲು ಮುಗಿಯಿತೆಂದು ಸೂಚಿಸುವ ಕಪ್ಪು ಚುಕ್ಕೆ ಮಿಣುಕುವುದನ್ನೇ ಕಾದು, ಅಪ್ಪ ಒತ್ತುತ್ತಿದ್ದ ಗುಂಡಿಯನ್ನು ಒತ್ತಿದಳು.

ತೆರೆ ಬೆಳಗಿತು. ಸತ್ತವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಕಿಟಕಿಯನ್ನು ತಳ್ಳುತ್ತಾ, ಈ ಮನೆಯಲ್ಲಿ ಒಂದು ಚಿಲಕ ಸರಿಮಾಡುವ ಗಂಡಸಿಲ್ಲವೇ ಎಂದು ಬೈಯುತ್ತಿದ್ದಳು. ಕತ್ತಲಲ್ಲಿ ಯಾರೋ ಜೋರಾಗಿ ಮೂಗು ಸೀನಿದರು. ಕಿಟಕಿ ಒಮ್ಮೆಲೇ ತೆರೆದುಕೊಂಡಿತು, ಗಾಳಿಗೆ ಮೇಜಿನ ಮೇಲಿನ ಕಾಗದಗಳೆಲ್ಲ ಹಾರಿದವು, ಅವಳು ನಗುತ್ತಾ ಅವುಗಳ ಹಿಂದೆ ಓಡಿದಳು.