ಮುಕ್ಕಾಲು ಗಂಟೆಯ ಕೆಲಸ

ಗ್ಯಾರೇಜಿಗೆ ಬರುವವರೆಲ್ಲ ಅವನನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬಾನೆಟ್ ಎತ್ತುವ ಮೊದಲೇ ಸದ್ದು ಕೇಳಿ ರೋಗ ಹೇಳುವವನು. ಅದಕ್ಕಿಂತ ದೊಡ್ಡ ಗುಣ, ಗಿರಾಕಿಯ ಮಾತನ್ನು ಕೇಳುತ್ತಿದ್ದ. ಪ್ರತಿ ಗಾಡಿಗೂ ಅವನು ತುಂಬುವ ಜಾಬ್ ಕಾರ್ಡಿನ ಮೊದಲ ಸಾಲೇ ‘ದೂರು, ಗಿರಾಕಿಯ ಮಾತಿನಲ್ಲಿ’. ಗಾಡಿ ಕೆಮ್ಮುತ್ತೆ ಎಂದರೆ ಕೆಮ್ಮುತ್ತೆ ಎಂದೇ ಬರೆದುಕೊಳ್ಳಬೇಕು, ತಿದ್ದಬಾರದು. ಅರ್ಧ ರಿಪೇರಿ ಗಿರಾಕಿಯ ಬಾಯಲ್ಲೇ ಇರುತ್ತದೆ ಎನ್ನುವುದು ಅವನ ವೇದವಾಕ್ಯ. ಮೂವತ್ತು ವರ್ಷದಲ್ಲಿ ಅವನು ಬರೆದುಕೊಳ್ಳದೆ ಬಿಟ್ಟ ದೂರು ಒಂದೇ. ಅದು ಹೆಂಡತಿಯದು.

ಮನೆಯ ಹಳೇ ಡೀಸೆಲ್ ಕಾರನ್ನು ಆಗ ಅವಳೂ ಓಡಿಸುತ್ತಿದ್ದಳು. ಪ್ರತಿ ಬುಧವಾರ ಊರಿನ ಆ ತುದಿಯಲ್ಲಿದ್ದ ಅಣ್ಣನ ಮನೆಗೆ, ಅಮ್ಮನನ್ನು ನೋಡಲು. ಹೋಗಿ ತಲೆ ಬಾಚಿ, ಉಗುರು ತೆಗೆದು, ನಾಲ್ಕು ಮಾತಾಡಿ ಬರುವಳು. ಮುದುಕಿ ಉಗುರು ತೆಗೆಯಲು ಮಗಳಿಗಲ್ಲದೆ ಬೇರೆ ಯಾರಿಗೂ ಕೈ ಕೊಡುತ್ತಿರಲಿಲ್ಲ. ಸೊಸೆ ಹತ್ತಿರ ಬಂದರೆ ಸೆರಗಿನೊಳಗೆ ಕೈ ಬಚ್ಚಿಟ್ಟುಕೊಳ್ಳುವಳು.

ಮೂರು ವರ್ಷದ ಹಿಂದೆ ಒಂದು ಬುಧವಾರ ಬಂದವಳೇ ಹೇಳಿದಳು. “ರೀ, ಗಾಡಿ ಬಿಸಿಯಾದ್ಮೇಲೆ, ನಿಧಾನಕ್ಕೆ ಬಂದು ನಿಲ್ಲಿಸಿದ್ರೆ, ಒಂದ್ಸಲ ನಡುಗಿ ಆಫ್ ಆಗತ್ತೆ.”

ಅವನು ಕೀಲಿ ತೆಗೆದುಕೊಂಡು ತನ್ನ ಎಂದಿನ ವೇಗದಲ್ಲಿ ಒಂದು ಸುತ್ತು ಹೊಡೆದು ಬಂದ. ಗಾಡಿ ಎಲ್ಲೂ ನಿಲ್ಲಲಿಲ್ಲ. ಅವತ್ತು ಅವಳ ಅಣ್ಣನೂ ಮನೆಗೆ ಬಂದಿದ್ದ. ಭಾವನ ಮುಂದೆ ನಗೆ ಎಬ್ಬಿಸುವ ಆಸೆ ಬೇರೆ. “ಗಾಡೀಲಿ ಏನೂ ಇಲ್ಲ ಕಣೇ, ಇರೋದು ನಿನ್ನ ಕ್ಲಚ್ ಕಾಲಲ್ಲಿ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ!” ಎಲ್ಲರೂ ನಕ್ಕರು. ಅವಳೂ ಸ್ವಲ್ಪ ನಕ್ಕಳು.

ಮತ್ತೆರಡು ಸಲ ಹೇಳಿದಳು. ಮತ್ತೆರಡು ಸಲ ಅದೇ ಗಾದೆ. ಕೊನೆಗೊಮ್ಮೆ ದೊಡ್ಡ ಸಿಗ್ನಲ್‌ನಲ್ಲಿ ಗಾಡಿ ನಿಂತು, ಸುತ್ತಲೂ ಹಾರ್ನು, ಬೈಗುಳ. ಮನೆಗೆ ಬಂದು ಕೀಲಿಯನ್ನು ಮೊಳೆಗೆ ತೂಗುಹಾಕಿದವಳು ಮತ್ತೆ ಅದನ್ನು ಮುಟ್ಟಲಿಲ್ಲ. ಎರಡು ಬಸ್ಸು ಬದಲಿಸಿ ಹೋಗುವುದು ಅವಳ ಸೊಂಟನೋವಿಗೆ ಆಗದ ಮಾತು. “ಅದಕ್ಕೇನು, ನಾನೇ ಕರ್ಕೊಂಡು ಹೋಗ್ತೀನಿ” ಎಂದ ಅವನು. ಮೇಸ್ತ್ರಿಯ ಬಿಡುವು ಎಂಥದೆಂದು ಮೇಸ್ತ್ರಿಗಳ ಹೆಂಡಿರಿಗೇ ಗೊತ್ತು. ತಿಂಗಳಿಗೊಮ್ಮೆ ಹೋದರೆ ಹೆಚ್ಚು. ಹೋದ ವರ್ಷ ಕೊನೆಯ ಸಲ ಹೋದಾಗ ಅಮ್ಮನ ಉಗುರು ಉದ್ದಕ್ಕೆ ಬೆಳೆದು ಹೊದಿಕೆಗೆ ಸಿಕ್ಕಿಕೊಳ್ಳುತ್ತಿತ್ತು. ಮಗಳು ಕೂತು ಇಪ್ಪತ್ತನ್ನೂ ತೆಗೆದಳು. ಅದಾಗಿ ಒಂಬತ್ತು ದಿನಕ್ಕೆ ಅಮ್ಮ ಹೋದಳು.

ಈಚೆಗೆ ಮೇಸ್ತ್ರಿ ಗ್ಯಾರೇಜಿನ ಮೆಟ್ಟಿಲಲ್ಲಿ ಜಾರಿ ಮೊಣಕಾಲು ಊದಿಸಿಕೊಂಡ. ನೋವಿಗೆ ಹೆದರಿ ಎರಡು ವಾರ ಆಮೆಯಂತೆ ಗಾಡಿ ಓಡಿಸಿದ. ಒಂದು ದಿನ ಅದೇ ದೊಡ್ಡ ಸಿಗ್ನಲ್‌ಗೆ ನಿಧಾನಕ್ಕೆ ಬಂದು ನಿಲ್ಲಿಸಿದ. ಎಂಜಿನ್ ಒಂದು ಸಲ ನಡುಗಿ ಆಫ್ ಆಯಿತು.

ಹಿಂದಿನ ಲಾರಿಯವನು ತಲೆ ಹೊರಗೆ ಹಾಕಿದ. “ಏನ್ ಯಜಮಾನ್ರೇ, ಕ್ಲಚ್ ಬಿಡೋಕೆ ಬರಲ್ವಾ?”

ಕ್ಲಚ್ ಪೂರ್ತಿ ಒತ್ತಿಯೇ ಇತ್ತು. ಬಿಟ್ಟಿರಲೇ ಇಲ್ಲ. ಮೇಸ್ತ್ರಿ ಮತ್ತೆ ಕೀಲಿ ತಿರುಗಿಸಿದ.

ಗ್ಯಾರೇಜಿಗೆ ಹೋದವನೇ ಎಂಜಿನ್ ತಣ್ಣಗಾಗುವ ಮುಂಚೆ ದೋಷ ಹುಡುಕುವ ಸ್ಕ್ಯಾನರ್ ಚುಚ್ಚಿದ. ಇಜಿಆರ್ ವಾಲ್ವ್ ಮೇಲೆ ಅವನಿಗೆ ಗುಮಾನಿ. ಎಂಜಿನ್ ಬಿಟ್ಟ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಉಣಿಸುವ ಪುಟ್ಟ ಬಾಗಿಲು ಅದು. ಗಾಡಿ ನಿಂತಾಗ ಥಟ್ಟನೆ ಮುಚ್ಚಬೇಕು. ‘ಮುಚ್ಚು’ ಎಂದು ಆಜ್ಞೆ ಕೊಟ್ಟ. ಪರದೆಯ ಮೇಲೆ ಮೂವತ್ತು, ಇಪ್ಪತ್ತೆರಡು, ಹದಿನೈದು ಎಂದು, ಬಾಗಿಲು ಎಷ್ಟು ತೆರೆದಿದೆ ಎನ್ನುವ ಅಂಕಿ ಸೋಮಾರಿಯಂತೆ ಇಳಿಯಿತು. ಸೊನ್ನೆಗೆ ಬರಲು ಮೂರು ಸೆಕೆಂಡು ಬೇಕಾಯಿತು. ಅಷ್ಟರಲ್ಲಿ ಹೊಗೆ ಕುಡಿದ ಎಂಜಿನ್ ಉಸಿರುಗಟ್ಟಿ ನಿಂತುಹೋಯಿತು. ಜೋರಾಗಿ ತುಳಿದಾಗ ಬಾಗಿಲು ಮೊದಲೇ ಮುಚ್ಚಿರುವುದರಿಂದ ವೇಗವಾಗಿ ಓಡಿಸುವವನಿಗೆ ಇದು ಗೊತ್ತಾಗುವುದೇ ಇಲ್ಲ. ನಿಧಾನಕ್ಕೆ, ಜೋಪಾನವಾಗಿ ಓಡಿಸುವವರ ಕೈಯಲ್ಲೇ ಅದು ಕೈಕೊಡುವುದು.

ವಾಲ್ವ್ ಬಿಚ್ಚಿದ. ಒಳಗೆಲ್ಲ ಅಂಟು ಮಸಿ. ಸ್ಪ್ರೇ ಹೊಡೆದು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಮತ್ತೆ ಕೂರಿಸಿದ. ಈಗ ಬಾಗಿಲು ಕಣ್ಣು ಮಿಟುಕಿಸುವುದರೊಳಗೆ ಮುಚ್ಚಿತು. ನೆಲ ನಿಜವಾಗಿಯೂ ಡೊಂಕಾಗಿತ್ತು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಊರವರ ಗಾಡಿಯ ಕೆಮ್ಮನ್ನೆಲ್ಲ ಬರೆದುಕೊಂಡ ಕೈಗೆ ಮನೆಯವಳ ಒಂದು ಸಾಲು ಭಾರವಾಗಿತ್ತು.

ಹೇಳದೇ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅವಳಂತೂ ಕೇಳುವವಳಲ್ಲ. ಆದರೂ ಒಂದು ಜಾಬ್ ಕಾರ್ಡ್ ಎಳೆದುಕೊಂಡು ಬರೆಯತೊಡಗಿದ. ಅವಳ ಮಾತು ಒಂದಕ್ಷರವೂ ಮರೆತಿರಲಿಲ್ಲ.

ಮನೆಗೆ ಹೋದಾಗ ಅವಳು ಹಾಸಿಗೆಯ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ಕಾರ್ಡನ್ನು ಕೈಗೆ ಕೊಟ್ಟು ಬಾಗಿಲ ಹತ್ತಿರವೇ ನಿಂತ. ಅವಳು ಮೊದಲ ಸಾಲನ್ನು ಓದಿ, ಮತ್ತೊಮ್ಮೆ ಓದಿದಳು.

“ಹೌದು, ನಾನು ಹೇಳಿದ್ದು ಹೀಗೇ.”

“ತಪ್ಪಾಯ್ತು ಕಣೇ. ನಿನ್ನ ಕಾಲಲ್ಲಿ ಏನೂ ಇರ್ಲಿಲ್ಲ.”

ಅವಳ ಬೆರಳು ಸಾಲುಸಾಲಾಗಿ ಕೆಳಗಿಳಿದು ಕೊನೆಯದರ ಮೇಲೆ ನಿಂತಿತು. ‘ಹಿಡಿದ ಸಮಯ’ ಎನ್ನುವ ಸಾಲು. ಅಭ್ಯಾಸಬಲದಿಂದ ಅದನ್ನೂ ತುಂಬಿಬಿಟ್ಟಿದ್ದ.

“ಮುಕ್ಕಾಲು ಗಂಟೇನಾ?”

“ಹೂಂ.”

“ಅಮ್ಮನ ಉಗುರು ತೆಗೆಯೋಕೂ ಅಷ್ಟೇ ಹೊತ್ತು ಹಿಡೀತಿತ್ತು” ಎಂದಳು. ಕಾರ್ಡನ್ನು ಪಕ್ಕಕ್ಕಿಟ್ಟು ಅವನ ಅಂಗಿಯನ್ನು ಮಡಿಸಲು ತೆಗೆದುಕೊಂಡಳು.