ಗಾಜಿನ ಗಾಡಿಯ ಸದ್ದು

ಮಗಳು ಪಿಕಪ್ಪಿನ ಹಿಂಭಾಗದಲ್ಲಿ ಮಂಡಿಯೂರಿ, ಒದ್ದೆ ಬಟ್ಟೆಯನ್ನು ಹಲಗೆಗೆ ಒತ್ತಿ ಒತ್ತಿ ಗಾಜಿನ ಪುಡಿ ತೆಗೆಯುತ್ತಿದ್ದಳು. ಪೊರಕೆಗೆ ಸಿಗದ ಪುಡಿ. ಒತ್ತಬೇಕು, ಎತ್ತಬೇಕು, ಬಕೆಟ್ಟಿನ ನೀರಲ್ಲಿ ಜಾಲಿಸಬೇಕು. ಉಜ್ಜಿದರೆ ಅಂಗೈ ಕೊಯ್ದುಕೊಳ್ಳುತ್ತದೆ. ಗಾಜು ಒರಗಿಸುವ ಕಬ್ಬಿಣದ ಚೌಕಟ್ಟನ್ನು ಬೆಳಿಗ್ಗೆಯೇ ಬಿಚ್ಚಿ ಗೋಡೆಗೆ ಆನಿಸಿಟ್ಟಿದ್ದಳು. ಇನ್ನೊಂದು ಗಂಟೆಗೆ ಅಪ್ಪನ ಶವಪೆಟ್ಟಿಗೆ ಆ ಜಾಗಕ್ಕೆ ಬರಬೇಕಿತ್ತು.

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತವರು ಅಪ್ಪನ ವಿಷಯವನ್ನೇ ಮಾತಾಡುತ್ತಿದ್ದರು. ಮೂವತ್ತು ವರ್ಷ ಊರಿನ ಕಿಟಕಿ ಗಾಜುಗಳನ್ನೆಲ್ಲ ಸಾಗಿಸಿದವನು. ಹೇರುವವರಿಗೂ ಇಳಿಸುವವರಿಗೂ ‘ಮೆಲ್ಲಗೆ, ಮೆಲ್ಲಗೆ’ ಎನ್ನುತ್ತಲೇ ಇದ್ದು, ಮೆಲ್ಲಗಣ್ಣ ಎಂದೇ ಹೆಸರಾಗಿದ್ದ. ಮೊನ್ನೆ ಬೆಳಿಗ್ಗೆ ಶೂ ಹಾಕಿಕೊಳ್ಳಲು ಬಗ್ಗಿದವನು ಹಾಗೆಯೇ ಪಕ್ಕಕ್ಕೆ ವಾಲಿದ್ದ.

“ಜೀವಮಾನದಲ್ಲಿ ಇದೊಂದೇ ಸಲ ಅವಸರ ಮಾಡಿದ, ಪುಣ್ಯಾತ್ಮ,” ಎಂದ ಗಾಜಿನ ಅಂಗಡಿಯ ಯಜಮಾನ. ಒಬ್ಬಿಬ್ಬರು ನಕ್ಕರು, ನಕ್ಕಿದ್ದಕ್ಕೆ ನಾಚಿ ತಲೆ ತಗ್ಗಿಸಿದರು.

ಸೋದರಮಾವನ ಚಿಂತೆ ಬೇರೆ. ನಿನ್ನೆ ಸಂಜೆ ಅವಳು ಪಿಕಪ್ಪನ್ನು ಮನೆಮುಂದೆ ತಂದು ನಿಲ್ಲಿಸುವಾಗ ಎಂಜಿನ್ನಿನ ಬಡಿತ ಅವನ ಕಿವಿಗೂ ಬಿದ್ದಿತ್ತು. ಡಬ್ಬದಲ್ಲಿ ಕಲ್ಲು ಹಾಕಿ ಕುಲುಕಿದ ಹಾಗಿದೆ, ಸ್ಮಶಾನವೋ ಊರಾಚೆ, ಏರು ಬೇರೆ, ನಡುದಾರಿಯಲ್ಲಿ ಕೈಕೊಟ್ಟರೆ ಭಾವನನ್ನು ರಸ್ತೆಯಲ್ಲಿಟ್ಟುಕೊಂಡು ನಿಲ್ಲುವುದೇ ಎಂದು ಬೆಳಗಿನಿಂದ ಅಕ್ಕನ ಹಿಂದೆ ಬಿದ್ದಿದ್ದ. ಬಾಡಿಗೆ ವ್ಯಾನಿಗೆ ಹೇಳಿಬಿಡುತ್ತೇನೆ ಎಂದು ಫೋನನ್ನು ಕೈಯಲ್ಲೇ ಹಿಡಿದಿದ್ದ.

ತಾಯಿ ಹೊಸ್ತಿಲಿಗೆ ಬಂದು ನಿಂತಳು. ಅತ್ತು ಅತ್ತು ಅವಳ ದನಿ ಒಡೆದಿತ್ತು.

“ನೀನು ಹೇಳಮ್ಮ. ಗಾಡಿ ಅಲ್ಲೀತನಕ ಹೋಗುತ್ತಾ?”

“ಹೋಗುತ್ತೆ,” ಎಂದಳು ಮಗಳು, ತಲೆ ಎತ್ತದೆ.

“ಕೇಳಿಸ್ಕೊಂಡ್ಯಾ? ಆ ಗಾಡೀಲಿ ಅವಳಿಗೆ ಗೊತ್ತಿಲ್ಲದ ಸದ್ದು ಒಂದೂ ಇಲ್ಲ,” ಎಂದು ತಾಯಿ ತಮ್ಮನ ಬಾಯಿ ಮುಚ್ಚಿಸಿ ಒಳಗೆ ಹೋದಳು.

ಮಗಳು ಬಟ್ಟೆಯನ್ನು ಮತ್ತೆ ಬಕೆಟ್ಟಿಗೆ ಅದ್ದಿದಳು. ಅದೇ ದನಿ, ಅದೇ ಸಲೀಸು. ಎಂಟು ತಿಂಗಳಿಂದ ಅಪ್ಪನಿಗೆ ಹೇಳುತ್ತ ಬಂದ ಸುಳ್ಳನ್ನು ಈಗ ಅಮ್ಮನಿಗೂ ಹೇಳಿದ್ದಳು.

* * *

ಅಪ್ಪನ ಕಿವಿ ಮಂದವಾಗತೊಡಗಿದಾಗ ಅವಳು ಒಂಬತ್ತನೆಯ ತರಗತಿಯಲ್ಲಿದ್ದಳು. ಗಾಜು ಸಾಗಿಸುವವನಿಗೆ ಕಣ್ಣಿನಷ್ಟೇ ಕಿವಿಯೂ ಬೇಕು. ಇಪ್ಪತ್ತು ಹಾಳೆ ಗಾಜಿನಲ್ಲಿ ಒಂದರ ಕಟ್ಟು ಸಡಿಲವಾದರೂ ಅದು ಸಣ್ಣಗೆ ಕಿರುಗುಟ್ಟುತ್ತದೆ. ಆಗಲೇ ಗಾಡಿ ನಿಲ್ಲಿಸಿ ಬಿಗಿಯದಿದ್ದರೆ ಮುಂದಿನ ಗುಂಡಿಗೆ ಎಲ್ಲವೂ ಪುಡಿ. ಕಿವಿ ಕೇಳದವನ ಗಾಡಿಗೆ ಯಾವ ಅಂಗಡಿಯವರೂ ಗಾಜು ಹೇರುವುದಿಲ್ಲ. ಅವಳು ಶಾಲೆಯನ್ನೇ ಬಿಟ್ಟು ಬಂದು ಪಕ್ಕದ ಸೀಟಿನಲ್ಲಿ ಕುಳಿತಳು. ಗಾಜು ಕಿರುಗುಟ್ಟಿದರೆ ಅಪ್ಪನ ಮಂಡಿಗೆ ಒಂದು ತಟ್ಟು, ಹಿಂದಿನಿಂದ ಹಾರನ್ ಬಂದರೆ ಎರಡು. ಹದಿನೆಂಟು ತುಂಬಿದಾಗ ಅಪ್ಪ ಅವಳಿಗೆ ಓಡಿಸುವುದನ್ನೂ ಕಲಿಸಿದ. ಓದುವ ಹುಡುಗಿಯನ್ನು ಕ್ಲೀನರ್ ಮಾಡಿಕೊಂಡನಲ್ಲ ಎಂದು ಬೀದಿಯವರು ಆಡಿಕೊಂಡರು. ಅಪ್ಪ ಕೇಳಿಸದವನಂತೆ ಇದ್ದ. ನಿಜವಾಗಿ ಕೇಳಿಸುತ್ತಲೂ ಇರಲಿಲ್ಲ.

ಎಂಜಿನ್ನಿನೊಳಗೆ ಟಕಟಕ ಎಂಬ ಸದ್ದು ಅವಳಿಗೆ ಮೊದಲು ಕೇಳಿಸಿದ ದಿನ, ಗಾಡಿಯ ವಾರಂಟಿ ಮುಗಿಯಲು ಇನ್ನೂ ಹನ್ನೊಂದು ದಿನ ಇತ್ತು. ಸರಿಯಾಗಿ ಆ ಹೊತ್ತಿಗೇ ಅಪ್ಪ, “ಎಲ್ಲ ಸರಿ ಇದೆಯಾ ಮರಿ?” ಎಂದು ಕೇಳಿದ್ದ.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಂಪನಿಯ ವರ್ಕ್‌ಶಾಪಿಗೆ ಹೋದರೆ ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಸುತ್ತು ಓಡಿಸುತ್ತಾರೆ. ಎಂಥ ಸದ್ದು, ಯಾವಾಗ ಬರುತ್ತದೆ, ಈಗ ಬಂತೇ ಎಂದು ಅವನನ್ನೇ ಕೇಳುತ್ತಾರೆ. ಗಾಜು ಸಾಗಿಸುವವನು ಕಿವುಡ ಎಂಬ ಸುದ್ದಿ ಸಂಜೆಯೊಳಗೆ ಪೇಟೆಯನ್ನೆಲ್ಲ ಸುತ್ತಿ ಬರುತ್ತದೆ.

“ಎಲ್ಲ ಸರಿ ಇದೆ ಅಪ್ಪ,” ಎಂದಳು, ಅವನ ಕಿವಿಯ ಬಳಿ ಬಾಗಿ.

ಹನ್ನೊಂದು ದಿನವೂ ಅವಳು ಬಾಯಿ ಬಿಡಲಿಲ್ಲ. ಹನ್ನೆರಡನೆಯ ದಿನದಿಂದ ಹೇಳಿ ಪ್ರಯೋಜನವಿರಲಿಲ್ಲ. ಸದ್ದು ಮಾತ್ರ ಬೆಳೆಯುತ್ತ ಹೋಯಿತು. ಮೊದಲು ಏರಿನಲ್ಲಿ, ಆಮೇಲೆ ಸಮದಾರಿಯಲ್ಲೂ. ದಪ್ಪ ಆಯಿಲ್ ಹಾಕಿದರೆ ತಗ್ಗುತ್ತದೆಂದು ಯಾರೋ ಡ್ರೈವರುಗಳು ಮಾತಾಡಿಕೊಳ್ಳುವುದನ್ನು ಕೇಳಿ, ಒಂದು ಭಾನುವಾರ ಅಪ್ಪ ಊಟ ಮಾಡಿ ಮಲಗಿದ್ದಾಗ ಬಾನೆಟ್ ಎತ್ತಿ ಒಂದು ಲೋಟದಷ್ಟು ಸುರಿದಳು. ತಗ್ಗಿತು. ಅಲ್ಲಿಂದ ಪ್ರತಿ ಭಾನುವಾರ ಸುರಿದಳು. ಆಯಿಲ್ ಅಳೆಯುವ ಕಡ್ಡಿ ಗುರುತಿಗಿಂತ ಬಹಳ ಮೇಲಿನವರೆಗೂ ಒದ್ದೆಯಾಗಿರುತ್ತಿತ್ತು. ಕಡಿಮೆಯಾದರೆ ತಾನೆ ಭಯಪಡಬೇಕು ಎಂದು ಸಮಾಧಾನ ಮಾಡಿಕೊಂಡಿದ್ದಳು.

* * *

ಪೆಟ್ಟಿಗೆಯನ್ನು ಗಾಜು ಕಟ್ಟುವ ಬೆಲ್ಟುಗಳಿಂದಲೇ ಬಿಗಿದರು. ಪಕ್ಕದ ಸೀಟಿಗೆ ಮೆಕ್ಯಾನಿಕ್ ಹತ್ತಿದ. ಅಪ್ಪನ ಜೊತೆ ಇಪ್ಪತ್ತು ವರ್ಷ ಬೆಳಗಿನ ಟೀ ಕುಡಿದವನು. ಯಾವುದಕ್ಕೂ ಇರಲಿ ಎಂದು ಮಾವನೇ ಅವನನ್ನು ಹತ್ತಿಸಿದ್ದ. ಅವಳು ಕೀಲಿ ತಿರುಗಿಸಿದೊಡನೆ ಬಡಿತ ಶುರುವಾಯಿತು. ಹಿಂದೆ ನಿಂತವರ ಮಾತು ಗಕ್ಕನೆ ನಿಂತದ್ದು ಕನ್ನಡಿಯಲ್ಲಿ ಕಂಡಿತು.

ಗಾಡಿ ಪೇಟೆ ದಾಟಿತು. ಅವಳು ಜೀವ ಕೈಯಲ್ಲಿ ಹಿಡಿದು ಓಡಿಸುತ್ತಿದ್ದಳು. ಪ್ರತಿ ಬಡಿತಕ್ಕೂ ಇದೇ ಕೊನೆಯದೇನೋ ಅನ್ನಿಸುತ್ತಿತ್ತು. ಸೇತುವೆಯ ಬಳಿ ಆಯಿಲ್ಲಿನ ಕೆಂಪು ದೀಪ ಹತ್ತಿಕೊಂಡಿತು.

“ನಾನೇ ಹೇಳಲಿಲ್ಲ ಅಣ್ಣ,” ಎಂದಳು ಅವಳು, ಯಾರೂ ಕೇಳದೆಯೇ. “ವಾರಂಟಿ ಇನ್ನೂ ಇತ್ತು. ನಂಗೆ ಕೇಳಿಸ್ತಿತ್ತು. ಅಪ್ಪಂಗೆ ಹೇಳಲಿಲ್ಲ.”

ಮೆಕ್ಯಾನಿಕ್ ಆ ದೀಪ ನೋಡಿದ.

“ಅವನಿಗೆ ಗೊತ್ತಿತ್ತಮ್ಮ.”

“ಅಪ್ಪಂಗೆ ಕೇಳಿಸ್ತಿರಲಿಲ್ಲ.”

“ಕಿವಿಗೆ ಕೇಳಿಸ್ತಿರಲಿಲ್ಲ. ಕ್ಲಚ್ಚಿನ ಮೇಲೆ ಕಾಲಿಟ್ರೆ ಅದರ ನಡುಕ ಹಲ್ಲಿನ ತನಕ ಹತ್ತುತ್ತೆ ಅಂತಿದ್ದ. ಎಂಜಿನ್ ಬಿಚ್ಚೋಣ ಅಂದೆ. ಗಾಡಿ ಒಂದು ತಿಂಗಳು ನಿಂತ್ರೆ ಅಂಗಡಿಯವರು ಬೇರೆ ಗಾಡಿ ನೋಡ್ಕೋತಾರೆ ಅಂದ. ದಪ್ಪ ಆಯಿಲ್ ತಗೊಂಡು ಹೋಗಿ ಬುಧವಾರ ಬುಧವಾರ ಹಾಕ್ತಿದ್ದ. ಪಾಪ, ಮಗು ಆ ಸದ್ದಿಗೆ ಹೆದರ್ಕೊಂಡು ಕೂತಿರುತ್ತೆ, ಅದಕ್ಕಾದ್ರೂ ಕಡಿಮೆ ಕೇಳಿಸ್ಲಿ ಅಂತ.”

ಅವಳು ಗೇರ್ ಬದಲಿಸಿದಳು. ಗೇರ್ ಒಮ್ಮೆ ಕಿರುಚಿತು.

“ನಾನು ಭಾನುವಾರ ಹಾಕ್ತಿದ್ದೆ,” ಎಂದಳು.

ಮೆಕ್ಯಾನಿಕ್ ಪೂರ್ತಿ ಅವಳ ಕಡೆ ತಿರುಗಿದ.

“ಅಪ್ಪ ಮಗಳು ಸೇರಿ ಮುಳುಗಿಸಿಬಿಟ್ರಲ್ಲ. ಆಯಿಲ್ ಮಿತಿ ಮೀರಿದ್ರೆ ಒಳಗೆಲ್ಲ ನೊರೆ ಆಗುತ್ತೆ ತಾಯಿ. ನೊರೇಲಿ ಬೇರಿಂಗ್ ಉಳಿಯುತ್ತಾ?”

ಅವನು ಕಿಟಕಿಯಾಚೆ ನೋಡುತ್ತ ಕಣ್ಣೊರೆಸಿಕೊಂಡ. ಏರು ಶುರುವಾಯಿತು. ಇನ್ನು ಎಲ್ಲೂ ಆಫ್ ಮಾಡಬೇಡ, ಒಮ್ಮೆ ಆಫ್ ಆದರೆ ಈ ಎಂಜಿನ್ ಇನ್ನು ತಿರುಗುವುದಿಲ್ಲ ಎಂದಷ್ಟೇ ಹೇಳಿದ. ಅವಳು ಮೊದಲ ಗೇರಿನಲ್ಲೇ ಹತ್ತಿಸಿದಳು. ನಡೆದು ಬರುತ್ತಿದ್ದವರು ಗಾಡಿಯ ಅಕ್ಕಪಕ್ಕಕ್ಕೇ ಬಂದುಬಿಟ್ಟರು. ಮಾವ ಒಂದು ಕೈಯನ್ನು ಹಿಂಬಾಗಿಲಿಗೆ ಕೊಟ್ಟೇ ನಡೆದ, ನಿಂತರೆ ತಳ್ಳಲು ಸಿದ್ಧನಾಗಿ. ಗಾಡಿ ನಿಲ್ಲಲಿಲ್ಲ. ಸ್ಮಶಾನದ ಗೇಟು ದಾಟಿ, ತೋಡಿಟ್ಟ ಗುಂಡಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಅವಳು ಹ್ಯಾಂಡ್‌ಬ್ರೇಕ್ ಎಳೆದಳು.

ಪೆಟ್ಟಿಗೆ ಇಳಿಸಿದರು. ಮೆಕ್ಯಾನಿಕ್ಕೂ ಇಳಿದು ಹೆಗಲು ಕೊಟ್ಟ. ಅವಳು ಎಂಜಿನ್ ಆಫ್ ಮಾಡಲಿಲ್ಲ, ಸೀಟು ಬಿಟ್ಟು ಏಳಲೂ ಇಲ್ಲ. ಇಳಿಸುವಾಗ ಯಾರೋ ಪೆಟ್ಟಿಗೆಯ ಮೇಲಿದ್ದ ಹೂಗೊಂಚಲನ್ನು ಎತ್ತಿ ಬಾನೆಟ್ಟಿನ ಮೇಲಿಟ್ಟು ಅಲ್ಲೇ ಮರೆತಿದ್ದರು.

ಪೆಟ್ಟಿಗೆಯನ್ನು ಗುಂಡಿಗಿಳಿಸಿ, ಹಿಡಿ ಹಿಡಿ ಮಣ್ಣು ಹಾಕಿ, ಸುತ್ತ ಎಲ್ಲರೂ ಕೈಕಟ್ಟಿ ನಿಂತರು. ಹಿರಿಯರೊಬ್ಬರು ನಾಲ್ಕು ಮಾತು ಹೇಳಲು ಹೊರಟರು. ಬಡಿತದಲ್ಲಿ ಅವರ ಮಾತು ಯಾರಿಗೂ ಮುಟ್ಟಲಿಲ್ಲ. ಒಂದೊಂದಾಗಿ ಮುಖಗಳು ಗಾಡಿಯ ಕಡೆ ತಿರುಗಿದವು. ಮಾವ ಅಲ್ಲಿಂದಲೇ ಆಫ್ ಮಾಡೆಂದು ಕೈ ತಿರುಗಿಸಿ ಸನ್ನೆ ಮಾಡಿದ. ಮೆಕ್ಯಾನಿಕ್ ನೆಲ ನೋಡುತ್ತಿದ್ದ.

ಕೊನೆಗೆ ತಾಯಿಯೇ ಗುಂಪು ಬಿಟ್ಟು ಬಂದಳು. ಮಣ್ಣಾದ ಕೈಯನ್ನು ಕಿಟಕಿಯ ಅಂಚಿಗೆ ಇಟ್ಟಳು. ಮಗಳ ಬೆರಳು ಆಗಲೇ ಕೀಲಿಯ ಮೇಲಿತ್ತು. ಬಾನೆಟ್ಟಿನ ಮೇಲೆ ಹೂಗೊಂಚಲು ಒಂದೊಂದು ಬಡಿತಕ್ಕೂ ಒಂದೊಂದು ಕೂದಲೆಳೆಯಷ್ಟು ಅಂಚಿನ ಕಡೆ ಸರಿಯುತ್ತಿತ್ತು.

“ಇನ್ನು ಆಫ್ ಮಾಡಮ್ಮ,” ಎಂದಳು ತಾಯಿ.